ವರ್ಡ್‌ಪ್ರೆಸ್ ತಾಣಕ್ಕೆ ಶೇರ್ ಬಟನ್, ಗೂಗಲ್ ಲಾಗಿನ್, ಇನ್‌ಸ್ಟಾಗ್ರಾಮ್ ಫೀಡ್: ಒಂದೇ ಪ್ಲಗಿನ್ ಸಾಕೇ?

ಕಡತಗಾರ (ಪ್ರಶ್ನೆ)

ವರ್ಡ್‌ಪ್ರೆಸ್‌ನಲ್ಲಿ ನಡೆಯುತ್ತಿರುವ ಲೇಖನಗಳ ತಾಣ. ಸುಮಾರು 400 ಬರಹಗಳಿವೆ, ಎಲ್ಲವೂ ಕನ್ನಡ. ವಿಳಾಸಗಳೂ ಕನ್ನಡ ಅಕ್ಷರಗಳಲ್ಲೇ ಇವೆ. ಎಸ್‌ಇಒಗೆ (ಹುಡುಕಾಟದಲ್ಲಿ ತಾಣ ಸಿಗುವಂತೆ ಮಾಡಲು) ಯೋಸ್ಟ್ ಎಂಬ ಪ್ಲಗಿನ್ ಇದೆ, ಜೊತೆಗೆ ಪುಟಗಳ ಸಿದ್ಧ ಪ್ರತಿ ಇಟ್ಟು ಬೇಗ ತೋರಿಸುವ ಒಂದು ಪೇಜ್ ಕ್ಯಾಶ್ ಪ್ಲಗಿನ್ ಇದೆ. ಈಗ ಇವಿಷ್ಟು ಸೇರಿಸಬೇಕು: ವಾಟ್ಸಾಪ್, ಫೇಸ್‌ಬುಕ್, ಎಕ್ಸ್, ಟೆಲಿಗ್ರಾಮ್ ಶೇರ್ ಬಟನ್, ಪಕ್ಕದಲ್ಲಿ ಎಷ್ಟು ಜನ ಹಂಚಿದರು ಎಂಬ ಲೆಕ್ಕ, ಕಾಮೆಂಟ್ ಹಾಕುವವರಿಗೆ ಗೂಗಲ್ ಮತ್ತು ಫೇಸ್‌ಬುಕ್ ಲಾಗಿನ್, ಸೈಡ್‌ಬಾರ್‌ನಲ್ಲಿ ಇನ್‌ಸ್ಟಾಗ್ರಾಮ್ ಚಿತ್ರಗಳು, ಹೊಸ ಬರಹ ಪ್ರಕಟವಾದ ಕೂಡಲೇ ಫೇಸ್‌ಬುಕ್ ಪೇಜ್‌ಗೂ ಗ್ರೂಪ್‌ಗೂ ತಾನಾಗಿ ಹೋಗುವ ವ್ಯವಸ್ಥೆ.

ಎಲ್ಲವನ್ನೂ ಮಾಡುತ್ತೇನೆನ್ನುವ ಒಂದು ಪ್ಲಗಿನ್ ಹಾಕಿ ನೋಡಿದ್ದಾಗಿದೆ. ಪಾಸ್‌ವರ್ಡ್ ಇರುವ ಸ್ಟೇಜಿಂಗ್ ಪ್ರತಿಯಲ್ಲಿ (ಪರೀಕ್ಷೆಗೆ ಇಟ್ಟ ತಾಣದ ನಕಲು) ಲಿಂಕ್ ಪ್ರಿವ್ಯೂ, ಅಂದರೆ ಹಂಚಿದ ಲಿಂಕ್ ಜೊತೆ ಕಾಣುವ ಚಿತ್ರ ಮತ್ತು ಶೀರ್ಷಿಕೆ, ಬರಲೇ ಇಲ್ಲ. ಅಸಲಿ ತಾಣದಲ್ಲಿ ಕೆಲವು ಬರಹಗಳಿಗೆ ಫೇಸ್‌ಬುಕ್‌ನಲ್ಲಿ ಲೇಖನದ ಚಿತ್ರದ ಬದಲು ತಾಣದ ಲೋಗೊ ಬರುತ್ತಿದೆ. ಇನ್ನು ಕೆಲವಕ್ಕೆ ಫೇಸ್‌ಬುಕ್‌ನಲ್ಲಿ ಚಿತ್ರ ಸರಿಯಾಗಿದೆ, ವಾಟ್ಸಾಪ್‌ನಲ್ಲಿ ಶೀರ್ಷಿಕೆ ಮಾತ್ರ. ಗೂಗಲ್ ಲಾಗಿನ್ ಒತ್ತಿದರೆ 400ರ ದೋಷ, ರೀಡೈರೆಕ್ಟ್ ಯುಆರ್‌ಐ ಹೊಂದುತ್ತಿಲ್ಲ ಎನ್ನುತ್ತದೆ. ಮೊಬೈಲ್‌ನಲ್ಲಿ ಪುಟ ತೆರೆಯುವುದೂ ನಿಧಾನವಾಗಿದೆ. ಇದೇ ಪ್ಲಗಿನ್ ಸರಿಪಡಿಸಿಕೊಳ್ಳುವುದೇ, ಬಿಡಿಬಿಡಿಯಾಗಿ ಹಾಕುವುದೇ?


ಎಳೆಬಿಡಿಸು

ಬಿಡಿಬಿಡಿಯಾಗಿ ಹಾಕಿ. ನೀವು ಕೇಳಿರುವ ಕೆಲಸಗಳು ಹೊರಗಿನಿಂದ ಒಂದೇ ಜಾತಿಯವಾಗಿ ಕಂಡರೂ ಒಳಗೆ ಒಂದಕ್ಕೊಂದು ನಂಟಿಲ್ಲ. ಶೇರ್ ಬಟನ್ ಬರೀ ಒಂದು ಲಿಂಕ್. ಪ್ರಿವ್ಯೂ ಎಂದರೆ ಪುಟದ ಹೆಡ್ ಭಾಗದಲ್ಲಿರುವ ಮೆಟಾ ಟ್ಯಾಗ್, ಓದುಗರಿಗೆ ಕಾಣದೆ ಪುಟದ ವಿವರ ಹೇಳುವ ಸಾಲು. ಲಾಗಿನ್ ಎಂದರೆ ಬಳಕೆದಾರರ ಖಾತೆಗೆ ಇನ್ನೊಂದು ಬಾಗಿಲು. ಫೀಡ್ ಎಂದರೆ ಅವಧಿ ಮುಗಿಯುವ ಒಂದು ಟೋಕನ್, ಅಂದರೆ ಪ್ರವೇಶದ ಕೀಲಿ. ಎಲ್ಲ ಒಂದೇ ಪ್ಲಗಿನ್‌ನಲ್ಲಿದ್ದರೆ, ಫೀಡ್‌ನ ಕೋಡಿನಲ್ಲಿ ಭದ್ರತೆಯ ತೂತು ಸಿಕ್ಕ ದಿನ ಲಾಗಿನ್ ಕೂಡ ನಿಲ್ಲಿಸಬೇಕಾಗುತ್ತದೆ. ಈ ಜಾತಿಯ ಪ್ಲಗಿನ್‌ಗಳಲ್ಲಿ ತೂತು ಅಪರೂಪವೂ ಅಲ್ಲ. ಸೋಶಿಯಲ್ ವಾರ್‌ಫೇರ್ ಎಂಬ ಶೇರ್ ಬಟನ್ ಪ್ಲಗಿನ್‌ನ ತೂತನ್ನು 2019ರ ಮಾರ್ಚ್‌ನಲ್ಲಿ ದಾಳಿಕೋರರು ನೇರವಾಗಿ ಬಳಸಿಕೊಂಡರು, 3.5.3ರಲ್ಲಿ ಅದು ಸರಿಯಾಯಿತು. 2024ರ ಜೂನ್‌ನಲ್ಲಿ ಅದರ ಅಪ್‌ಡೇಟ್‌ಗೇ ಯಾರೋ ಕೆಟ್ಟ ಕೋಡ್ ಸೇರಿಸಿದ್ದು ಪತ್ತೆಯಾಯಿತು.

ನಾನು ಪ್ರಿವ್ಯೂ ಮತ್ತು ಶೇರ್ ಬಟನ್ ಎರಡಕ್ಕೆ ಉತ್ತರಿಸುತ್ತೇನೆ. ಮೊದಲು ಪ್ರಿವ್ಯೂ. ಪ್ರಿವ್ಯೂ ಕೆಟ್ಟಿದ್ದರೆ ಬಟನ್ ಎಷ್ಟು ಚಂದ ಇದ್ದೂ ಉಪಯೋಗವಿಲ್ಲ.

ಸ್ಟೇಜಿಂಗ್‌ನಲ್ಲಿ ಪ್ರಿವ್ಯೂ ಬರದಿರುವುದು ದೋಷವೇ ಅಲ್ಲ. ಫೇಸ್‌ಬುಕ್‌ನ ಕ್ರಾಲರ್ (ಪುಟಗಳನ್ನು ತಾನಾಗಿ ಓದುವ ಪ್ರೋಗ್ರಾಂ) ಪುಟ ಕೇಳಿದಾಗ ಅದಕ್ಕೆ ಪಾಸ್‌ವರ್ಡ್ ಗೊತ್ತಿಲ್ಲ, 401 (ಪ್ರವೇಶವಿಲ್ಲ) ಎಂಬ ಉತ್ತರ ಸಿಗುತ್ತದೆ, ಹಿಂದಿರುಗುತ್ತದೆ. ಪ್ರಿವ್ಯೂ ಪರೀಕ್ಷೆಯನ್ನು ತೆರೆದ ವಿಳಾಸದಲ್ಲೇ ಮಾಡಬೇಕು.

ಲೋಗೊ ಬರುತ್ತಿರುವುದಕ್ಕೆ ಕಾರಣ ಹೆಚ್ಚಾಗಿ ಎರಡೆರಡು ಟ್ಯಾಗ್. ಯೋಸ್ಟ್ ಆಗಲೇ ಓಪನ್ ಗ್ರಾಫ್ ಟ್ಯಾಗ್‌ಗಳನ್ನು (ಪ್ರಿವ್ಯೂಗೆಂದೇ ಇರುವ ಮೆಟಾ ಟ್ಯಾಗ್) ಬರೆಯುತ್ತದೆ. ಹೊಸ ಪ್ಲಗಿನ್ ಅದರ ಮೇಲೆ ತನ್ನದನ್ನೂ ಬರೆಯುತ್ತದೆ. ಪುಟದ ಸೋರ್ಸ್ ತೆರೆದು ಓಜಿ:ಇಮೇಜ್ (og:image) ಎಂದು ಹುಡುಕಿ. ಎರಡು ಕಡೆ ಸಿಕ್ಕರೆ ಅಲ್ಲೇ ರೋಗ ಇದೆ, ಏಕೆಂದರೆ ಒಂದಕ್ಕಿಂತ ಹೆಚ್ಚು ಇದ್ದಾಗ ಮೊದಲು ಬಂದದ್ದಕ್ಕೇ ಆದ್ಯತೆ. ಟ್ಯಾಗ್ ಬರೆಯುವ ಹಕ್ಕು ಒಬ್ಬರಿಗೇ ಇರಲಿ. ನಿಮ್ಮಲ್ಲಿ ಅದು ಯೋಸ್ಟ್. ಇನ್ನೊಂದು ಪ್ಲಗಿನ್‌ನ ಸೆಟ್ಟಿಂಗ್‌ನಲ್ಲಿ ಓಪನ್ ಗ್ರಾಫ್ ಆಯ್ಕೆಯನ್ನು ಆಫ್ ಮಾಡಿಬಿಡಿ. ಒಂದೇ ಸಲ ಸಿಕ್ಕಿಯೂ ಲೋಗೊ ಬರುತ್ತಿದ್ದರೆ ಆ ಬರಹಕ್ಕೆ ಫೀಚರ್ಡ್ ಇಮೇಜ್ (ಮುಖ್ಯ ಚಿತ್ರ) ಹಾಕಿಲ್ಲ, ಯೋಸ್ಟ್‌ನಲ್ಲಿ ಕೊಟ್ಟಿರುವ ಡಿಫಾಲ್ಟ್ ಚಿತ್ರ ಬರುತ್ತಿದೆ ಎಂದರ್ಥ.

ಓಪನ್ ಗ್ರಾಫ್‌ನ ನಿಯಮದಂತೆ ಇರಲೇಬೇಕಾದವು ನಾಲ್ಕು: ಟೈಟಲ್, ಟೈಪ್, ಇಮೇಜ್, ಯುಆರ್‌ಎಲ್. ಜೊತೆಗೆ ಡಿಸ್ಕ್ರಿಪ್ಶನ್ ಇರಲಿ. ಎಕ್ಸ್‌ಗೆ ಟ್ವಿಟರ್:ಕಾರ್ಡ್ ಎಂಬ ಟ್ಯಾಗ್‌ಗೆ ದೊಡ್ಡ ಚಿತ್ರದ ಬಗೆ ಕೊಟ್ಟರೆ ಸಾಕು, ಉಳಿದದ್ದನ್ನು ಅದು ಓಪನ್ ಗ್ರಾಫ್‌ನಿಂದಲೇ ತೆಗೆದುಕೊಳ್ಳುತ್ತದೆ. ಚಿತ್ರ 1200 × 630 ಪಿಕ್ಸೆಲ್, ಅಂದರೆ 1.91ಕ್ಕೆ 1ರ ಅನುಪಾತ. ಫೈಲ್ ಜೆಪಿಜಿ ಆಗಿರಲಿ. ಎಸ್‌ವಿಜಿ ಕೊಟ್ಟರೆ ಕಾಣುವುದಿಲ್ಲ. ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ಣ ವಿಳಾಸವೇ ಆಗಿರಬೇಕು, ಬರೀ ಫೋಲ್ಡರ್ ಹಾದಿ ನಡೆಯುವುದಿಲ್ಲ. ಚಿತ್ರದ ಅಗಲ, ಎತ್ತರ ಹೇಳುವ ಎರಡು ಟ್ಯಾಗ್‌ಗಳನ್ನೂ ಕೊಡಿ. ಫೇಸ್‌ಬುಕ್ ಚಿತ್ರವನ್ನು ಹಿನ್ನೆಲೆಯಲ್ಲಿ ಇಳಿಸಿಕೊಳ್ಳುತ್ತದೆ; ಅಳತೆ ಮೊದಲೇ ಗೊತ್ತಿಲ್ಲದಿದ್ದರೆ ಮೊಟ್ಟಮೊದಲು ಹಂಚಿದವರಿಗೆ ಚಿತ್ರವಿಲ್ಲದ ಪ್ರಿವ್ಯೂ ಸಿಗುತ್ತದೆ.

ಫೇಸ್‌ಬುಕ್‌ನಲ್ಲಿ ಬಂದು ವಾಟ್ಸಾಪ್‌ನಲ್ಲಿ ಬಾರದ ಚಿತ್ರಗಳ ತೂಕ ನೋಡಿ. ಫೇಸ್‌ಬುಕ್ 8 ಎಂಬಿವರೆಗೆ ಒಪ್ಪುತ್ತದೆ, ವಾಟ್ಸಾಪ್‌ನ ಮಿತಿ 600 ಕೆಬಿ. ಎರಡು ಎಂಬಿಯ ಪಿಎನ್‌ಜಿ ಫೀಚರ್ಡ್ ಇಮೇಜ್ ಆಗಿದ್ದರೆ ನೀವು ಹೇಳಿದ ಲಕ್ಷಣವೇ ಕಾಣುತ್ತದೆ. 300 ಕೆಬಿಯೊಳಗೆ ಇಳಿಸಿಬಿಟ್ಟರೆ ಎಲ್ಲ ಕಡೆ ನಿಶ್ಚಿಂತೆ. ಮೆಟಾ ಟ್ಯಾಗ್‌ಗಳು ಎಚ್‌ಟಿಎಂಎಲ್‌ನ ಮೊದಲ 300 ಕೆಬಿಯೊಳಗೆ ಬರಬೇಕು ಎಂಬುದೂ ವಾಟ್ಸಾಪ್‌ನ ನಿಯಮ. ಹೆಡ್ ಭಾಗದಲ್ಲೇ ಭಾರೀ ಸಿಎಸ್‌ಎಸ್ ತುರುಕುವ ಥೀಮ್‌ಗಳಲ್ಲಿ ಟ್ಯಾಗ್‌ಗಳು ಅದರ ಕೆಳಗೆ ಬಿದ್ದಿರುತ್ತವೆ, ಅದನ್ನೂ ಗಮನಿಸಿ. ಜಾವಾಸ್ಕ್ರಿಪ್ಟ್‌ನಿಂದ ಟ್ಯಾಗ್ ಸೇರಿಸುವ ಪ್ಲಗಿನ್ ಆಗಿದ್ದರೆ ಅದನ್ನು ತೆಗೆದೇ ಹಾಕಿ, ಪ್ರಿವ್ಯೂಗೆ ಬರುವ ಈ ಕ್ರಾಲರ್‌ಗಳು ಸ್ಕ್ರಿಪ್ಟ್ ಓಡಿಸುತ್ತವೆಂದು ನಂಬಿ ಕೂರುವಂತಿಲ್ಲ.

ಟ್ಯಾಗ್ ಎಲ್ಲ ಸರಿಯಿದ್ದೂ ಪ್ರಿವ್ಯೂ ಖಾಲಿ ಎಂದರೆ ಸೆಕ್ಯುರಿಟಿ ಪ್ಲಗಿನ್ ಅಥವಾ ಸಿಡಿಎನ್‌ನ (ತಾಣದ ಮುಂದೆ ನಿಂತು ಪುಟ ತಲುಪಿಸುವ ಸೇವೆ) ಬಾಟ್ ತಡೆ ಕ್ರಾಲರ್ ಅನ್ನು ಬಾಗಿಲಲ್ಲೇ ತಡೆಯುತ್ತಿರುತ್ತದೆ. ಕರ್ಲ್‌ನಲ್ಲಿ (ಆದೇಶ ಕೊಟ್ಟು ಪುಟ ತರಿಸುವ ಉಪಕರಣ) ಯೂಸರ್ ಏಜೆಂಟ್ ಹೆಸರನ್ನು, ಅಂದರೆ ಪುಟ ಕೇಳುವವರ ಗುರುತನ್ನು, ಫೇಸ್‌ಬುಕ್‌ಎಕ್ಸ್‌ಟರ್ನಲ್‌ಹಿಟ್ (facebookexternalhit) ಎಂದು ಬದಲಿಸಿ ಪುಟ ತರಿಸಿ, ಆಮೇಲೆ ವಾಟ್ಸಾಪ್ ಎಂದು ಬದಲಿಸಿ. ಎರಡಕ್ಕೂ 200 (ಸರಿ) ಬರಬೇಕು. 403 (ತಡೆಯಲಾಗಿದೆ) ಬಂದರೆ ಸರ್ವರ್ ಕಡೆ ವಿನಾಯಿತಿ ಕೊಡಿ.

ಇನ್ನು ಶೇರ್ ಬಟನ್. ಇದಕ್ಕೆ ಫೇಸ್‌ಬುಕ್‌ನ ಸ್ಕ್ರಿಪ್ಟ್ ಆಗಲಿ, ಎಕ್ಸ್‌ನ ವಿಜೆಟ್ ಆಗಲಿ ಬೇಕಿಲ್ಲ. ಪ್ರತಿ ಜಾಲಕ್ಕೂ ಹಂಚುವ ವಿಳಾಸ ಇದೆ. ಫೇಸ್‌ಬುಕ್‌ಗೆ ಶೇರರ್ ಡಾಟ್ ಪಿಎಚ್‌ಪಿ, ಎಕ್ಸ್‌ಗೆ ಇಂಟೆಂಟ್ ವಿಳಾಸ, ವಾಟ್ಸಾಪ್‌ಗೆ ಡಬ್ಲ್ಯುಎ ಡಾಟ್ ಎಂಇ, ಟೆಲಿಗ್ರಾಮ್‌ಗೆ ಟಿ ಡಾಟ್ ಎಂಇಯ ಶೇರ್ ಹಾದಿ. ಅವುಗಳ ಹಿಂದೆ ಲೇಖನದ ವಿಳಾಸ ಅಂಟಿಸಿದರೆ ಮುಗಿಯಿತು. ಪ್ಲಗಿನ್ ಆರಿಸುವಾಗಲೂ ಇದೇ ಅಳತೆಗೋಲು: ಹೊರಗಿನ ಸರ್ವರ್‌ನಿಂದ ಒಂದೂ ಸ್ಕ್ರಿಪ್ಟ್ ತರಿಸದೆ ಬರೀ ಲಿಂಕ್ ಬರೆಯುವ ಪ್ಲಗಿನ್ ಹುಡುಕಿ. ಹೊರಗಿನ ಸೇವೆಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಆಡ್‌ದಿಸ್ ಸಾಕ್ಷಿ: 2023ರ ಮೇ 31ಕ್ಕೆ ಒರಾಕಲ್ ಅದನ್ನು ಮುಚ್ಚಿತು, ಅದನ್ನು ನಂಬಿದ ತಾಣಗಳ ಬಟನ್‌ಗಳೆಲ್ಲ ಮಾಯವಾದವು.

ಕೈಯಲ್ಲೇ ಬರೆಯುವುದಾದರೆ ಎರಡು ಕಡೆ ಎಚ್ಚರ. ಶೀರ್ಷಿಕೆ ಮತ್ತು ವಿಳಾಸವನ್ನು ಪಿಎಚ್‌ಪಿಯ ರಾ-ಯುಆರ್‌ಎಲ್-ಎನ್‌ಕೋಡ್‌ನಿಂದ ಹಾಯಿಸಿ. ಸಾಮಾನ್ಯ ಯುಆರ್‌ಎಲ್-ಎನ್‌ಕೋಡ್ ಖಾಲಿ ಜಾಗಕ್ಕೆ ಪ್ಲಸ್ ಚಿಹ್ನೆ ಹಾಕುತ್ತದೆ, ಕೆಲವು ಆ್ಯಪ್‌ಗಳಲ್ಲಿ ಸಂದೇಶದ ಪದಗಳ ನಡುವೆ ಪ್ಲಸ್ ಹಾಗೇ ಉಳಿಯುತ್ತದೆ. ಎರಡನೆಯದು, ವರ್ಡ್‌ಪ್ರೆಸ್ ಶೀರ್ಷಿಕೆಯ ಉದ್ಧರಣ ಚಿಹ್ನೆ ಮತ್ತು ಅಡ್ಡಗೆರೆಗಳನ್ನು ಎಚ್‌ಟಿಎಂಎಲ್ ಸಂಕೇತಗಳಾಗಿ ಬದಲಿಸಿರುತ್ತದೆ. ಅದನ್ನು ಮೊದಲು ಡಿಕೋಡ್ ಮಾಡದಿದ್ದರೆ ವಾಟ್ಸಾಪ್ ಸಂದೇಶದಲ್ಲಿ 8211, 8217 ಎಂಬಂಥ ಅಂಕಿಗಳು ಕಾಣಿಸುತ್ತವೆ.

ಕನ್ನಡ ವಿಳಾಸದ ಬಗ್ಗೆ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್. ಶೇಕಡಾ ಚಿಹ್ನೆಯ ರೂಪಕ್ಕೆ ಹೋದಾಗ ಅದು 9 ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ಬರಹದ ವಿಳಾಸಕ್ಕೆ ಡೇಟಾಬೇಸ್‌ನಲ್ಲಿ ಇಟ್ಟಿರುವ ಜಾಗ 200 ಅಕ್ಷರ. ಅಂದರೆ 22 ಸಂಕೇತ ದಾಟಿದರೆ ವಿಳಾಸ ಅಲ್ಲಿಗೇ ತುಂಡು. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಸಂಕೇತಗಳೇ. ‘ಸ್ತ್ರೀ’ ಒಂದಕ್ಕೇ 6 ಬೇಕು. ವಾಟ್ಸಾಪ್‌ನಲ್ಲಿ ಇಂಥ ಲಿಂಕ್ ಅಂಟಿಸಿದಾಗ ಪರದೆ ತುಂಬ ಶೇಕಡಾ ಚಿಹ್ನೆ ಕಂಡು ಓದುಗರು ಹೆದರುತ್ತಾರೆ. ಹೊಸ ಬರಹಗಳಿಗೆ ಚಿಕ್ಕ ರೋಮನ್ ಅಕ್ಷರದ ವಿಳಾಸ ಕೊಡಿ. ಎಕ್ಸ್‌ನಲ್ಲಿ ಮಾತ್ರ ಈ ಚಿಂತೆ ಇಲ್ಲ, ಎಂಥ ಉದ್ದದ ಲಿಂಕ್ ಆದರೂ ಅಲ್ಲಿ 23 ಅಕ್ಷರದ ಲೆಕ್ಕ.

ಹಂಚಿಕೆಯ ಸಂಖ್ಯೆ ಬಿಟ್ಟುಬಿಡಿ. ಟ್ವಿಟರ್ ಅದನ್ನು ಕೊಡುವುದನ್ನು 2015ರ ನವೆಂಬರ್‌ನಲ್ಲೇ ನಿಲ್ಲಿಸಿತು, ವಾಟ್ಸಾಪ್ ಕೊಟ್ಟದ್ದೇ ಇಲ್ಲ, ಫೇಸ್‌ಬುಕ್‌ಗೆ ಟೋಕನ್ ಬೇಕು. ನಾಲ್ಕು ಬಟನ್‌ಗಳಲ್ಲಿ ಒಂದರದ್ದು ಮಾತ್ರ ಗೊತ್ತಿರುವ ಲೆಕ್ಕ ಓದುಗರಿಗೆ ಸುಳ್ಳು ಹೇಳಿದಂತೆ. ಹಾಗೇ ಫೇಸ್‌ಬುಕ್‌ನ ಲೈಕ್ ಬಟನ್ ಮತ್ತು ಕಾಮೆಂಟ್ ಪೆಟ್ಟಿಗೆ ಹಾಕುವ ಯೋಚನೆ ಇದ್ದರೆ ಅದೂ ಬೇಡ. ಹೊರಗಿನ ತಾಣಗಳಲ್ಲಿನ ಆ ಎರಡನ್ನೂ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ 2026ರ ಫೆಬ್ರುವರಿ 10ಕ್ಕೆ ಕೊನೆಗೊಳಿಸುವುದಾಗಿ ಪ್ರಕಟಿಸಿತ್ತು.


ಬೀಗದಕೈ

ಲಾಗಿನ್ ಭಾಗ ನಾನು ಬರೆಯುತ್ತೇನೆ. ಮೊದಲು ಒಂದು ಮಾತು: ಬರೀ ಕಾಮೆಂಟ್‌ಗಾಗಿ ಆದರೆ ಸೋಶಿಯಲ್ ಲಾಗಿನ್ ಅಗತ್ಯವಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಹೆಸರು, ಇಮೇಲ್ ಕೊಟ್ಟು ಕಾಮೆಂಟ್ ಹಾಕಬಹುದು, ಮೊದಲ ಕಾಮೆಂಟ್ ಮಾತ್ರ ನೀವು ಒಪ್ಪಿಗೆ ಕೊಡುವಂತೆ ಇಡಬಹುದು. ಲಾಗಿನ್ ತಂದ ಕ್ಷಣದಿಂದ ಓದುಗರ ಖಾತೆ, ಅವರ ಮಾಹಿತಿ, ಅವರು ಅಳಿಸಿ ಎಂದಾಗ ಅಳಿಸುವ ಹೊಣೆ ಎಲ್ಲ ನಿಮ್ಮದು. ಆದರೂ ಬೇಕು ಎಂದರೆ ಮುಂದೆ ಓದಿ.

400ರ ದೋಷ. ಪ್ಲಗಿನ್ ಕಳಿಸುವ ಮರಳುವಿಳಾಸವೂ (ರೀಡೈರೆಕ್ಟ್ ಯುಆರ್‌ಐ, ಲಾಗಿನ್ ಮುಗಿದ ಮೇಲೆ ಗೂಗಲ್ ಓದುಗರನ್ನು ಮರಳಿ ಕಳಿಸುವ ವಿಳಾಸ) ಗೂಗಲ್ ಕನ್ಸೋಲ್‌ನಲ್ಲಿ (ಲಾಗಿನ್ ನೋಂದಾಯಿಸುವ ಪುಟ) ನೀವು ನಮೂದಿಸಿದ ವಿಳಾಸವೂ ಅಕ್ಷರ ಅಕ್ಷರಕ್ಕೂ ಒಂದೇ ಆಗಿರಬೇಕು. ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್, ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವುದು ಇಲ್ಲದಿರುವುದು, ಕೊನೆಯ ಸ್ಲ್ಯಾಶ್, ಯಾವ ವ್ಯತ್ಯಾಸವೂ ಸಲ್ಲ. ಪ್ಲಗಿನ್‌ನ ಸೆಟ್ಟಿಂಗ್ ಪುಟದಲ್ಲಿ ಆ ವಿಳಾಸ ಬರೆದಿರುತ್ತದೆ, ಕೈಯಲ್ಲಿ ಟೈಪ್ ಮಾಡದೆ ನಕಲಿಸಿ ಅಂಟಿಸಿ. ಸ್ಟೇಜಿಂಗ್ ಪ್ರತಿಗೆ ಬೇರೆ ನಮೂದು ಬೇಕು. ಲಾಗಿನ್ ಪುಟದ ವಿಳಾಸ ಮರೆಮಾಚುವ ಪ್ಲಗಿನ್ ಇದ್ದರೆ ಮರಳುವಿಳಾಸವೂ ಬದಲಾಗಬಹುದು. ತಾಣದ ಮುಂದೆ ಸಿಡಿಎನ್ ಇದ್ದು ಅದರಿಂದ ನಿಮ್ಮ ಸರ್ವರ್‌ವರೆಗೆ ಬರೀ ಎಚ್‌ಟಿಟಿಪಿ ಆದರೆ, ವರ್ಡ್‌ಪ್ರೆಸ್ ತಾನು ಎಚ್‌ಟಿಟಿಪಿ ಎಂದೇ ಭಾವಿಸಿ ತಪ್ಪು ವಿಳಾಸ ಕಳಿಸುತ್ತದೆ. ಹುಡುಕುವವರಿಗೆ ಬೇಗ ಸಿಗದ ಕಾರಣ ಇದು. ದೋಷದ ಪುಟದಲ್ಲಿ ವಿವರ ಒತ್ತಿದರೆ ಪ್ಲಗಿನ್ ನಿಜವಾಗಿ ಯಾವ ವಿಳಾಸ ಕಳಿಸಿತು ಎಂದು ಗೂಗಲ್ ತೋರಿಸುತ್ತದೆ. ಅದನ್ನೇ ಕನ್ಸೋಲ್‌ನ ನಮೂದಿನ ಪಕ್ಕ ಇಟ್ಟು ಹೋಲಿಸಿ. ತಿದ್ದಿದ ಮೇಲೆ ಜಾರಿಗೆ ಬರಲು 5 ನಿಮಿಷದಿಂದ ಕೆಲವು ಗಂಟೆ ಹಿಡಿಯುತ್ತದೆ.

ಕನ್ಸೋಲ್‌ನ ಕ್ರಮ ಹೀಗೆ. ಹೊಸ ಪ್ರಾಜೆಕ್ಟ್ ಮಾಡಿ. ಒಪ್ಪಿಗೆ ಪರದೆಯಲ್ಲಿ ಎಕ್ಸ್‌ಟರ್ನಲ್ ಆರಿಸಿ, ತಾಣದ ಹೆಸರು, ಸಂಪರ್ಕದ ಇಮೇಲ್, ಪ್ರೈವಸಿ ಪಾಲಿಸಿಯ ವಿಳಾಸ ಕೊಡಿ. ಕೇಳುವ ಅನುಮತಿ ಮೂರೇ ಇರಲಿ: ಓಪನ್‌ಐಡಿ, ಇಮೇಲ್, ಪ್ರೊಫೈಲ್. ಇವು ಸೂಕ್ಷ್ಮ ಮಾಹಿತಿಯ ಗುಂಪಿಗೆ ಸೇರುವುದಿಲ್ಲವಾದ್ದರಿಂದ ದೊಡ್ಡ ಪರಿಶೀಲನೆ ಬೇಕಾಗುವುದಿಲ್ಲ. ಆಮೇಲೆ ವೆಬ್ ಅಪ್ಲಿಕೇಶನ್ ಬಗೆಯ ಕ್ಲೈಂಟ್ ಮಾಡಿ, ಮರಳುವಿಳಾಸ ಹಾಕಿ, ಸಿಗುವ ಐಡಿ ಮತ್ತು ಸೀಕ್ರೆಟ್ ಅನ್ನು ಪ್ಲಗಿನ್‌ಗೆ ಕೊಡಿ. ಕೊನೆಗೆ ಟೆಸ್ಟಿಂಗ್ ಸ್ಥಿತಿಯಿಂದ ಪ್ರೊಡಕ್ಷನ್‌ಗೆ ದಾಟಿಸಿ. ಇದನ್ನು ಮರೆತರೆ ಪಟ್ಟಿಯಲ್ಲಿ ಸೇರಿಸಿದ ಗರಿಷ್ಠ 100 ಪರೀಕ್ಷಾರ್ಥಿಗಳಷ್ಟೇ ಒಳಗೆ ಬರಬಹುದು.

ಫೇಸ್‌ಬುಕ್‌ನಲ್ಲೂ ಇಂಥದೇ ಬಲೆ ಇದೆ. ಲಾಗಿನ್‌ಗಾಗಿ ಅಲ್ಲಿ ನೋಂದಾಯಿಸಿದ ಆ್ಯಪ್ ಡೆವಲಪ್‌ಮೆಂಟ್ ಸ್ಥಿತಿಯಲ್ಲೇ ಉಳಿದಿದ್ದರೆ ನಿಮಗೆ ಲಾಗಿನ್ ಸೊಗಸಾಗಿ ನಡೆಯುತ್ತದೆ, ಓದುಗರಿಗೆ ನಡೆಯುವುದಿಲ್ಲ. ನೀವು ಆ್ಯಪ್‌ನ ಅಡ್ಮಿನ್ ಆದದ್ದೇ ಕಾರಣ. ಲೈವ್ ಮಾಡಲು ಪ್ರೈವಸಿ ಪಾಲಿಸಿಯ ವಿಳಾಸ ಮತ್ತು ಮಾಹಿತಿ ಅಳಿಸುವ ವಿಧಾನ ತಿಳಿಸುವ ವಿಳಾಸ ಎರಡೂ ಬೇಕು. ಪರೀಕ್ಷೆಯನ್ನು ಆ್ಯಪ್‌ಗೆ ಸಂಬಂಧವಿಲ್ಲದ ಇನ್ನೊಂದು ಖಾತೆಯಿಂದಲೇ ಮಾಡಿ. ಇನ್ನೊಂದು ವಿಷಯ: ಫೋನ್ ನಂಬರ್‌ನಿಂದ ಫೇಸ್‌ಬುಕ್ ಸೇರಿದವರಿಗೆ ಇಮೇಲ್ ಇರದಿರಬಹುದು, ಇದ್ದರೂ ಕೊಡುವುದಿಲ್ಲ ಎನ್ನಬಹುದು. ಇಮೇಲ್ ಬಾರದಿದ್ದರೆ ಪ್ಲಗಿನ್ ಏನು ಮಾಡುತ್ತದೆ ನೋಡಿ. ಕೇಳಿ ಪಡೆದು ದೃಢೀಕರಿಸುವ ಪ್ಲಗಿನ್ ಒಳ್ಳೆಯದು, ನಕಲಿ ಇಮೇಲ್ ಹುಟ್ಟಿಸಿ ಖಾತೆ ಮಾಡುವುದು ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಖಾತೆ ಜೋಡಿಸುವ ಬಗೆ. ಹೊರಗಿನಿಂದ ಬಂದ ಇಮೇಲ್ ನಿಮ್ಮಲ್ಲಿ ಆಗಲೇ ಇರುವ ಖಾತೆಯದ್ದೇ ಆಗಿದ್ದರೆ, ಪ್ಲಗಿನ್ ಎರಡನ್ನೂ ಸುಮ್ಮನೆ ಒಂದು ಮಾಡಿಬಿಟ್ಟರೆ ಅಪಾಯ. ಆ ಇಮೇಲ್ ನಿಜಕ್ಕೂ ಅವರದೇ ಎಂದು ಆ ಕಡೆಯವರು ದೃಢೀಕರಿಸಿರಬೇಕು. ಗೂಗಲ್ ಇದನ್ನು ಇಮೇಲ್ ವೆರಿಫೈಡ್ ಎಂಬ ಮೌಲ್ಯದಲ್ಲಿ ತಿಳಿಸುತ್ತದೆ, ಎಲ್ಲರೂ ತಿಳಿಸುವುದಿಲ್ಲ. 2023ರಲ್ಲಿ ಬಹಳ ಬಳಕೆಯಲ್ಲಿದ್ದ ಒಂದು ಸೋಶಿಯಲ್ ಲಾಗಿನ್ ಪ್ಲಗಿನ್‌ನಲ್ಲಿ ಎನ್‌ಕ್ರಿಪ್ಶನ್ ಕೀಯನ್ನು ಕೋಡಿನೊಳಗೇ ಬರೆದಿಟ್ಟಿದ್ದರು, ಎಲ್ಲ ತಾಣಕ್ಕೂ ಒಂದೇ ಕೀ. ಒಬ್ಬರ ಇಮೇಲ್ ಗೊತ್ತಿದ್ದರೆ ಸಾಕು, ಅವರಾಗಿ ಒಳಗೆ ಹೋಗಬಹುದಿತ್ತು. ಅಡ್ಮಿನ್ ಇಮೇಲ್ ಆದರೆ ಇಡೀ ತಾಣವೇ ಹೋಯಿತು. ಹಾಗಾಗಿ ಅಡ್ಮಿನ್ ಮತ್ತು ಎಡಿಟರ್ ಖಾತೆಗಳಿಗೆ ಸೋಶಿಯಲ್ ಲಾಗಿನ್ ಅನ್ನು ಮುಚ್ಚಿ, ಹೊಸದಾಗಿ ಬರುವವರಿಗೆ ಸಬ್‌ಸ್ಕ್ರೈಬರ್ ಪಾತ್ರ ಮಾತ್ರ ಕೊಡಿ.

ಕ್ಯಾಶ್ ಪ್ಲಗಿನ್ ಇದೆ ಎಂದಿದ್ದೀರಿ. ಲಾಗಿನ್ ಪುಟ, ಮರಳುವಿಳಾಸ ಎರಡನ್ನೂ ಕ್ಯಾಶ್‌ನಿಂದ ಹೊರಗಿಡಿ, ಲಾಗಿನ್ ಆದವರಿಗೆ ಕ್ಯಾಶ್ ಪುಟ ಕೊಡಬೇಡಿ. ಇಲ್ಲದಿದ್ದರೆ ಒಬ್ಬರ ಹೆಸರು ಇನ್ನೊಬ್ಬರಿಗೆ ಕಾಣುವ ಅನಾಹುತ ಆಗುತ್ತದೆ. ವರ್ಡ್‌ಪ್ರೆಸ್‌ನ ನಾನ್ಸ್ (ಕೋರಿಕೆ ಅಸಲಿ ಎಂದು ಖಚಿತಪಡಿಸುವ ತಾತ್ಕಾಲಿಕ ಸಂಕೇತ) ಹೆಚ್ಚೆಂದರೆ 24 ಗಂಟೆ ಬಾಳುತ್ತದೆ, 12 ಗಂಟೆಗೇ ಮುಗಿಯುವುದೂ ಉಂಟು. ಪುಟವನ್ನು ಒಂದು ವಾರ ಕ್ಯಾಶ್‌ನಲ್ಲಿಟ್ಟರೆ ಅದರೊಳಗಿನ ನಾನ್ಸ್ ಸತ್ತಿರುತ್ತದೆ, ಬಟನ್ ಒತ್ತಿದರೆ ಬರೀ ದೋಷ. ಕ್ಯಾಶ್ ಅವಧಿ 10 ಗಂಟೆ ಇಡಿ. ಸೆಷನ್ ಕುಕಿಯ ಸೇಮ್‌ಸೈಟ್ ಮೌಲ್ಯ (ಬೇರೆ ತಾಣದಿಂದ ಬಂದಾಗ ಕುಕಿ ಕಳಿಸಬೇಕೇ ಎಂದು ಹೇಳುವುದು) ಸ್ಟ್ರಿಕ್ಟ್ ಆಗಿದ್ದರೆ ಗೂಗಲ್‌ನಿಂದ ಮರಳುವಾಗ ಕುಕಿ ಬರುವುದಿಲ್ಲ, ಸ್ಟೇಟ್ ಹೊಂದುತ್ತಿಲ್ಲ ಎಂಬ ದೋಷ ಸಿಗುತ್ತದೆ. ಲ್ಯಾಕ್ಸ್ ಇರಬೇಕು.


ನೂಲುಂಡೆ

ಫೀಡ್ ಮತ್ತು ಆಟೋಪೋಸ್ಟ್ ಉಳಿದಿದೆ, ಸೇರಿಸುತ್ತೇನೆ.

ಇನ್‌ಸ್ಟಾಗ್ರಾಮ್‌ನ ಬೇಸಿಕ್ ಡಿಸ್‌ಪ್ಲೇ ಎಪಿಐ (ಚಿತ್ರಗಳನ್ನು ಹೊರಗಿನ ತಾಣಕ್ಕೆ ಕೊಡುತ್ತಿದ್ದ ವ್ಯವಸ್ಥೆ) 2024ರ ಡಿಸೆಂಬರ್ 4ಕ್ಕೆ ನಿಂತಿದೆ. ಅದಕ್ಕಿಂತ ಹಳೆಯ ಫೀಡ್ ಪ್ಲಗಿನ್ ಅಪ್‌ಡೇಟ್ ಆಗಿಲ್ಲದಿದ್ದರೆ ಮುಟ್ಟಬೇಡಿ. ಈಗ ಖಾತೆ ಪ್ರೊಫೆಷನಲ್ ಆಗಿರಬೇಕು, ಅಂದರೆ ಬಿಸಿನೆಸ್ ಅಥವಾ ಕ್ರಿಯೇಟರ್. ಆ್ಯಪ್‌ನ ಸೆಟ್ಟಿಂಗ್‌ನಲ್ಲೇ ಬದಲಿಸಬಹುದು. ದೀರ್ಘಾವಧಿ ಟೋಕನ್‌ನ ಆಯಸ್ಸು 60 ದಿನ. ಪ್ಲಗಿನ್ ಅದನ್ನು ವರ್ಡ್‌ಪ್ರೆಸ್‌ನ ಕ್ರಾನ್‌ನಿಂದ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ವ್ಯವಸ್ಥೆ) ನವೀಕರಿಸುತ್ತದೆ, ಆ ಕ್ರಾನ್ ಯಾರಾದರೂ ತಾಣಕ್ಕೆ ಬಂದಾಗ ಮಾತ್ರ ಓಡುತ್ತದೆ. ಪೂರ್ತಿ ಕ್ಯಾಶ್ ಆದ ತಾಣದಲ್ಲಿ ಭೇಟಿಗಳು ಪಿಎಚ್‌ಪಿವರೆಗೆ ತಲುಪದೆ ಕ್ರಾನ್ ಮಲಗಿಬಿಡಬಹುದು. ಡಬ್ಲ್ಯುಪಿ-ಕಾನ್ಫಿಗ್ ಫೈಲಿನಲ್ಲಿ ಒಳಗಿನ ಕ್ರಾನ್ ಆಫ್ ಮಾಡಿ, ಹೋಸ್ಟಿಂಗ್‌ನ ಕ್ರಾನ್‌ನಿಂದ 10 ನಿಮಿಷಕ್ಕೊಮ್ಮೆ ಕರೆಯಿಸಿ. ಎರಡು ತಿಂಗಳಿಗೆ ಸರಿಯಾಗಿ ಫೀಡ್ ಖಾಲಿಯಾಗುವ ರೋಗಕ್ಕೆ ಇದೇ ಮದ್ದು.

ಇನ್‌ಸ್ಟಾಗ್ರಾಮ್ ಕೊಡುವ ಚಿತ್ರದ ವಿಳಾಸಗಳಿಗೂ ಅವಧಿ ಇದೆ. ಕ್ಯಾಶ್ ಆದ ಪುಟದಲ್ಲಿ ಹಳೆಯ ವಿಳಾಸ ಉಳಿದರೆ ಒಡೆದ ಚಿತ್ರ ಕಾಣುತ್ತದೆ. ಚಿತ್ರವನ್ನು ನಿಮ್ಮ ಸರ್ವರ್‌ಗೇ ಇಳಿಸಿ, ಚಿಕ್ಕದು ಮಾಡಿ ತೋರಿಸುವ ಆಯ್ಕೆ ಇರುವ ಪ್ಲಗಿನ್ ಬೇಕು. ಸೈಡ್‌ಬಾರ್‌ಗೆ 6 ಚಿತ್ರ ಸಾಕು. ಇಲ್ಲಿ ಇನ್ನೊಂದು ಲಾಭವೂ ಇದೆ: ಓದುಗರ ಬ್ರೌಸರ್ ಮೆಟಾದ ಸರ್ವರ್ ಜೊತೆ ಮಾತಾಡುವುದೇ ಇಲ್ಲ. ಲೈಕ್ ಬಟನ್ ಅಳವಡಿಸಿದ ತಾಣವೂ ಮಾಹಿತಿ ಸಂಗ್ರಹಕ್ಕೆ ಫೇಸ್‌ಬುಕ್ ಜೊತೆ ಜಂಟಿ ಹೊಣೆ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಜುಲೈ 29ರಂದು ತೀರ್ಪು ಕೊಟ್ಟಿದೆ. ಅಲ್ಲಿನ ಓದುಗರಿದ್ದರೆ ಇದು ನಿಮಗೂ ತಟ್ಟುವ ವಿಷಯ.

ಆಟೋಪೋಸ್ಟ್: ಪೇಜ್‌ಗೆ ಆಗುತ್ತದೆ, ಗ್ರೂಪ್‌ಗೆ ಆಗುವುದಿಲ್ಲ. ಗ್ರೂಪ್‌ಗಳ ಎಪಿಐಯನ್ನು ಮೆಟಾ 2024ರ ಏಪ್ರಿಲ್‌ನಲ್ಲಿ ತೆಗೆದುಹಾಕಿತು. ವೈಯಕ್ತಿಕ ಪ್ರೊಫೈಲ್‌ಗೆ ಕಳಿಸುವುದು 2018ರ ಆಗಸ್ಟ್ 1ರಿಂದಲೇ ಇಲ್ಲ. ಈಗಲೂ ಇವೆರಡನ್ನು ಮಾಡಿಕೊಡುತ್ತೇನೆ ಎನ್ನುವ ಪ್ಲಗಿನ್ ನಿಮ್ಮ ಪಾಸ್‌ವರ್ಡ್ ಅಥವಾ ಕುಕಿ ಕೇಳುತ್ತದೆ, ಕೊಡಬೇಡಿ, ಖಾತೆಯೇ ಹೋಗುತ್ತದೆ.

ಪೇಜ್‌ಗೆ ಸ್ವಂತ ಆ್ಯಪ್‌ನಿಂದ ಕಳಿಸುವಾಗ ಆ್ಯಪ್ ಲೈವ್ ಆಗಿರದಿದ್ದರೆ ಪೋಸ್ಟ್ ನಿಮಗೆ ಕಾಣುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಬೀಗದಕೈ ಹೇಳಿದ ಬಲೆಯೇ ಇಲ್ಲೂ. ಪ್ರಕಟವಾದ ಕ್ಷಣದಲ್ಲೇ ಕಳಿಸಬೇಡಿ, 5 ನಿಮಿಷ ತಡ ಇಡಿ. ತುರ್ತಾಗಿ ಹೋದರೆ ಫೀಚರ್ಡ್ ಇಮೇಜ್ ಬದಲಿಸುವ ಮೊದಲೇ ಕ್ರಾಲರ್ ಬಂದು ಹಳೆಯ ಪ್ರಿವ್ಯೂ ಹಿಡಿದಿಟ್ಟುಕೊಳ್ಳುತ್ತದೆ. ಬರಹ ತಿದ್ದಿದಾಗಲೆಲ್ಲ ಮತ್ತೆ ಪೋಸ್ಟ್ ಆಗದಂತೆ ‘ಮೊದಲ ಪ್ರಕಟಣೆಗೆ ಮಾತ್ರ’ ಎಂಬ ಅರ್ಥದ ಆಯ್ಕೆ ಆರಿಸಿ.


ಕಡತಗಾರ

ಎಲ್ಲರಿಗೂ ಧನ್ಯವಾದ. ಓಜಿ:ಇಮೇಜ್ ಎರಡು ಕಡೆ ಇತ್ತು, ಒಂದನ್ನು ಆಫ್ ಮಾಡಿದ ಮೇಲೆ ಫೇಸ್‌ಬುಕ್ ಸರಿಯಾಯಿತು. ಚಿತ್ರಗಳು 1.8 ಎಂಬಿ ಇದ್ದವು, 200 ಕೆಬಿಗೆ ಇಳಿದಿವೆ. ಮರಳುವಿಳಾಸದಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು ವ್ಯತ್ಯಾಸ ಇತ್ತು, ಅದೂ ಸರಿಯಾಯಿತು. ಉಳಿದ ಸಂದೇಹಗಳು: ಒಂದು ಫೋನ್‌ನ ವಾಟ್ಸಾಪ್‌ನಲ್ಲಿ ಹೊಸ ಚಿತ್ರ ಬರುತ್ತಿದೆ, ಇನ್ನೊಂದರಲ್ಲಿ ಹಳೆಯದೇ. ಫೇಸ್‌ಬುಕ್ ಆ್ಯಪ್‌ನಿಂದ ಲಿಂಕ್ ಒತ್ತಿ ಬಂದವರಿಗೆ ಗೂಗಲ್ ಲಾಗಿನ್ 403 ಎನ್ನುತ್ತದೆ, ಕ್ರೋಮ್‌ನಲ್ಲಿ ಸರಿ. ಹಳೆಯ 400 ಬರಹಗಳ ಕನ್ನಡ ವಿಳಾಸ ಬದಲಿಸಬೇಕೇ? ಮತ್ತೆ ಪುಟ ಇನ್ನೂ ಕೊಂಚ ಭಾರವೇ ಇದೆ.


ಬೀಗದಕೈ

403 ಗೂಗಲ್‌ನ ನಿಯಮ, ನಿಮ್ಮ ತಪ್ಪಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆ್ಯಪ್‌ಗಳು ಲಿಂಕ್ ಅನ್ನು ತಮ್ಮೊಳಗಿನ ಪುಟ್ಟ ಬ್ರೌಸರ್‌ನಲ್ಲಿ ತೆರೆಯುತ್ತವೆ. ಅಂಥ ವೆಬ್‌ವ್ಯೂನಲ್ಲಿ ಲಾಗಿನ್‌ಗೆ ಗೂಗಲ್ ಅವಕಾಶ ಕೊಡುವುದಿಲ್ಲ, ಪಾಸ್‌ವರ್ಡ್ ಅನ್ನು ಆ ಆ್ಯಪ್ ಇಣುಕಿ ನೋಡಬಹುದು ಎಂಬ ಕಾರಣಕ್ಕೆ. ಯೂಸರ್ ಏಜೆಂಟ್ ನೋಡಿ ವೆಬ್‌ವ್ಯೂ ಇದ್ದಾಗ ಗೂಗಲ್ ಬಟನ್ ಮರೆಮಾಡಿ, ‘ಬ್ರೌಸರ್‌ನಲ್ಲಿ ತೆರೆಯಿರಿ’ ಎಂಬ ಸೂಚನೆ ಇಡಿ. ಇಮೇಲ್ ಲಾಗಿನ್ ಯಾವಾಗಲೂ ಪಕ್ಕದಲ್ಲಿರಲಿ. ಯೂಸರ್ ಏಜೆಂಟ್ ಸುಳ್ಳು ಮಾಡಿ ದಾಟಿಸುವ ಉಪಾಯಗಳನ್ನು ಕೆಲವರು ಹೇಳುತ್ತಾರೆ, ಅದು ನಿಯಮಕ್ಕೆ ವಿರುದ್ಧ, ಮಾಡಬೇಡಿ.


ಎಳೆಬಿಡಿಸು

ವಾಟ್ಸಾಪ್‌ನ ಪ್ರಿವ್ಯೂ ಕಳಿಸುವವರ ಫೋನ್‌ನಲ್ಲೇ ತಯಾರಾಗುತ್ತದೆ. ಹಾಗಾಗಿ ಹಳೆಯ ನೆನಪೂ ಆ ಫೋನ್‌ನದ್ದೇ, ಅದನ್ನು ದೂರದಿಂದ ಅಳಿಸುವ ದಾರಿ ಇಲ್ಲ. ಪರೀಕ್ಷೆಗೆ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಿ=2 ಎಂಬಂತೆ ಏನಾದರೂ ಸೇರಿಸಿ ಕಳಿಸಿ, ಹೊಸದಾಗಿ ತರಿಸುತ್ತದೆ. ಫೇಸ್‌ಬುಕ್‌ಗೆ ಶೇರಿಂಗ್ ಡೀಬಗ್ಗರ್‌ನಲ್ಲಿ ಸ್ಕ್ರೇಪ್ ಅಗೇನ್ ಒತ್ತಿದರಾಯಿತು, ಲಿಂಕ್ಡ್‌ಇನ್‌ಗೆ ಪೋಸ್ಟ್ ಇನ್‌ಸ್ಪೆಕ್ಟರ್ ಇದೆ. ಮುಂದೆ ಚಿತ್ರ ಬದಲಿಸುವಾಗ ಅದೇ ಹೆಸರಿನ ಫೈಲ್ ಮೇಲೆ ಬರೆಯದೆ ಹೊಸ ಹೆಸರಿನಲ್ಲಿ ಅಪ್‌ಲೋಡ್ ಮಾಡಿ. ಎಲ್ಲ ಕಡೆಯ ಕ್ಯಾಶ್ ಸಮಸ್ಯೆಯೂ ಅರ್ಧಕ್ಕರ್ಧ ಅಲ್ಲೇ ತೀರುತ್ತದೆ.

ಹಳೆಯ ವಿಳಾಸ ಮುಟ್ಟಬೇಡಿ. ವಿಳಾಸ ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟು ಹೊಸದಕ್ಕೆ ಕಳಿಸುತ್ತದೆ ನಿಜ, ಆದರೆ 400ರಲ್ಲಿ ಒಂದೆರಡು ತಪ್ಪಿದರೂ ಜನ ಆಗಲೇ ಹಂಚಿದ ಲಿಂಕ್ ಸಾಯುತ್ತದೆ. ಬದಲಿಗೆ ಶೇರ್ ಬಟನ್‌ನಲ್ಲಿ ವರ್ಡ್‌ಪ್ರೆಸ್‌ನ ಶಾರ್ಟ್‌ಲಿಂಕ್ ಬಳಸಿ. ಪ್ರತಿ ಬರಹಕ್ಕೂ ಪಿ=123 ಎಂಬ ರೂಪದ ಚಿಕ್ಕ ವಿಳಾಸ ಮೊದಲಿನಿಂದಲೇ ಇದೆ, ಒತ್ತಿದರೆ ಪೂರ್ಣ ವಿಳಾಸಕ್ಕೆ ಹೋಗುತ್ತದೆ, ಕ್ರಾಲರ್‌ಗಳೂ ಆ ದಾರಿ ಹಿಡಿದು ಹೋಗಿ ಸರಿಯಾದ ಪ್ರಿವ್ಯೂ ತರುತ್ತವೆ. ವಾಟ್ಸಾಪ್ ಸಂದೇಶ ಅಚ್ಚುಕಟ್ಟಾಗುತ್ತದೆ.

ಭಾರದ ಬಗ್ಗೆ: ಬ್ರೌಸರ್‌ನ ನೆಟ್‌ವರ್ಕ್ ಪಟ್ಟಿ ತೆರೆದು ಪ್ಲಗಿನ್ ಇದ್ದಾಗ ಒಮ್ಮೆ, ಆಫ್ ಮಾಡಿದಾಗ ಒಮ್ಮೆ ಪುಟ ತೆರೆಯಿರಿ. ಹೆಚ್ಚಾಗಿ ಸಿಗುವ ಅಪರಾಧಿ ಐಕಾನ್ ಫಾಂಟ್. ನಾಲ್ಕು ಚಿಹ್ನೆಗಾಗಿ ಸಾವಿರಾರು ಚಿಹ್ನೆಗಳ ಫಾಂಟ್ ಇಳಿಯುತ್ತಿರುತ್ತದೆ; ಪುಟದೊಳಗೇ ಬರೆಯುವ ಎಸ್‌ವಿಜಿಗೆ ಬದಲಿಸಿ. ಪ್ಲಗಿನ್‌ನ ಸಿಎಸ್‌ಎಸ್, ಸ್ಕ್ರಿಪ್ಟ್ ಮುಖಪುಟದಲ್ಲೂ ಇಳಿಯುತ್ತಿದ್ದರೆ ಬರಹದ ಪುಟಗಳಿಗೆ ಮಾತ್ರ ಸೀಮಿತಗೊಳಿಸಿ. ತೇಲುವ ಶೇರ್ ಪಟ್ಟಿ ಮೊಬೈಲ್‌ನಲ್ಲಿ ಪಠ್ಯದ ಮೇಲೆ ಕೂರುತ್ತದೆ, ಬೇಡ. ಬರಹದ ಕೊನೆಯಲ್ಲಿ ಸ್ಥಿರವಾಗಿರಲಿ, ಪ್ರತಿ ಬಟನ್ ಕನಿಷ್ಠ 44 ಪಿಕ್ಸೆಲ್ ಎತ್ತರ ಇರಲಿ, ಐಕಾನ್ ಮಾತ್ರ ಇದ್ದರೆ ಸ್ಕ್ರೀನ್ ರೀಡರ್‌ಗಾಗಿ ಅರಿಯಾ ಲೇಬಲ್‌ನಲ್ಲಿ (aria-label) ‘ವಾಟ್ಸಾಪ್‌ನಲ್ಲಿ ಹಂಚಿ’ ಎಂದು ಬರೆಯಿರಿ.

ಮೊಬೈಲ್‌ಗೆ ನಾಲ್ಕು ಬಟನ್ ಜೊತೆ ‘ಇನ್ನಷ್ಟು’ ಎಂಬುದೊಂದನ್ನು ಸೇರಿಸಬಹುದು. ಅದು ಬ್ರೌಸರ್‌ನ ವೆಬ್ ಶೇರ್ ಸೌಲಭ್ಯ ಕರೆದು ಫೋನ್‌ನ ಸ್ವಂತ ಹಂಚುವ ಪಟ್ಟಿಯನ್ನೇ ತೆರೆಯುತ್ತದೆ, ಓದುಗರ ಬಳಿ ಇರುವ ಎಲ್ಲ ಆ್ಯಪ್ ಅಲ್ಲೇ ಸಿಗುತ್ತವೆ. ಎಚ್‌ಟಿಟಿಪಿಎಸ್ ಬೇಕು, ಬಳಕೆದಾರರು ಒತ್ತಿದಾಗಲೇ ಕರೆಯಬೇಕು. ಕೆಲವು ಡೆಸ್ಕ್‌ಟಾಪ್ ಬ್ರೌಸರ್‌ಗಳಲ್ಲಿ ಈ ಸೌಲಭ್ಯ ಇಲ್ಲ, ಇದೆಯೇ ಎಂದು ಮೊದಲು ಪರೀಕ್ಷಿಸಿ ಇಲ್ಲದಿದ್ದರೆ ಬಟನ್ ತೋರಿಸಬೇಡಿ.


ನೂಲುಂಡೆ

ಮೊದಲಿನ ಆ ಎಲ್ಲ-ಒಂದರಲ್ಲೇ ಪ್ಲಗಿನ್ ತೆಗೆಯುವಾಗ ಡಿಲೀಟ್ ಒತ್ತಿ ಸುಮ್ಮನಾಗಬೇಡಿ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಖಾತೆಯ ಸೆಟ್ಟಿಂಗ್‌ನಲ್ಲಿ ಅದಕ್ಕೆ ಕೊಟ್ಟ ಅನುಮತಿ ಹಿಂಪಡೆಯಿರಿ, ಗೂಗಲ್ ಕನ್ಸೋಲ್‌ನಲ್ಲಿ ಕ್ಲೈಂಟ್ ಸೀಕ್ರೆಟ್ ಬದಲಿಸಿ. ಡೇಟಾಬೇಸ್‌ನ ಆಪ್ಶನ್ಸ್ ಟೇಬಲ್‌ನಲ್ಲಿ ಅದರ ಹೆಸರಿನ ಸಾಲುಗಳು ಉಳಿದಿದ್ದರೆ, ಟೋಕನ್‌ಗಳು ಇರುವುದು ಅಲ್ಲೇ, ಬ್ಯಾಕಪ್ ಮಾಡಿಕೊಂಡು ಅಳಿಸಿ. ಬರಹಗಳೊಳಗೆ ಅದರ ಶಾರ್ಟ್‌ಕೋಡ್ ಹಾಕಿದ್ದರೆ ಪ್ಲಗಿನ್ ಹೋದ ಮೇಲೆ ಚೌಕ ಆವರಣದಲ್ಲಿ ಹಾಗೇ ಪಠ್ಯವಾಗಿ ಕಾಣುತ್ತದೆ. 400 ಬರಹಗಳಲ್ಲೂ ಒಮ್ಮೆ ಹುಡುಕಿ ತೆಗೆದು, ಕೊನೆಯಲ್ಲಿ ಪೇಜ್ ಕ್ಯಾಶ್ ಖಾಲಿ ಮಾಡಿ.